ಬಾನುಲಿಯಿಂದ ಗಣಕದವರೆಗೆ: ನಮ್ಮ ಸರ್ಕಾರಿ ಶಾಲೆಗಳಿಗೆ ಯಂತ್ರಗಳು ಬಂದ ಬಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯ ಹಿರಿಯರು ಕೇಳಿದರು. ಶಾಲೆ ಹುಟ್ಟಿದ ಬಗೆ, ಜಾಗ ಕೊಟ್ಟವರು, ಕಟ್ಟಡ ಎದ್ದ ಕಥೆ, ಪಾಠ ಹೇಳಿದ ಗುರುಗಳು, ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲೇ ಬರೆದಿದ್ದಾರೆ. ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಆದ್ದರಿಂದ ನನ್ನ ಕಸುಬಿಗೆ ಹತ್ತಿರವಾದ ಒಂದು ವಿಷಯ ಆರಿಸಿಕೊಂಡಿದ್ದೇನೆ. ಕಳೆದ ಐವತ್ತು ವರ್ಷಗಳಲ್ಲಿ ನಮ್ಮಂಥ ಸರ್ಕಾರಿ ಶಾಲೆಗಳಿಗೆ ರೇಡಿಯೊ, ಟಿ.ವಿ., ಗಣಕಯಂತ್ರ, ಪ್ರೊಜೆಕ್ಟರ್, ಕೊನೆಗೆ ಕ್ಯಾಮೆರಾ ಹೇಗೆ ಬಂದವು, ಬಂದ ಮೇಲೆ ಏನಾದವು ಎಂಬುದೇ ಆ ವಿಷಯ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಮಹೋತ್ಸವದ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಬೇಕೆಂದು ಯೋಚಿಸುವುದು ಸಹಜ. ಹತ್ತು ಕಂಪ್ಯೂಟರ್ ಕೊಡೋಣ, ಸ್ಮಾರ್ಟ್ ಬೋರ್ಡ್ ಹಾಕಿಸೋಣ ಎನ್ನುವ ಮಾತು ಎಲ್ಲ ಊರುಗಳಲ್ಲೂ ಬರುತ್ತದೆ. ಕೊಡುವ ಮೊದಲು ಹಿಂದೆ ಕೊಟ್ಟವು ಏನಾದವು ಎಂದು ನೋಡುವುದು ಒಳ್ಳೆಯದು.

ಬಾನುಲಿ ಮತ್ತು ಹಳ್ಳಿಯ ಟಿ.ವಿ.

ನಮ್ಮ ಕಡೆಯ ಕಥೆ ರೇಡಿಯೊದಿಂದ ಶುರುವಾಗುತ್ತದೆ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಿಂದ 30 ವಾಟ್‌ನ ಪುಟ್ಟ ಪ್ರಸಾರ ಯಂತ್ರವೊಂದನ್ನು ನಡೆಸಿದರು. ಇಡೀ ದೇಶದ ರೇಡಿಯೊಗೆ ಮುಂದೆ ಹೆಸರಾದ 'ಆಕಾಶವಾಣಿ' ಎಂಬ ಪದ ಆ ಮನೆಯ ಪ್ರಸಾರದ ಹೆಸರಾಗಿತ್ತು. ಪಾಠ ಹೇಳುವ ಮೇಷ್ಟ್ರೊಬ್ಬರು ತಾವೇ ಮುಂದೆ ನಿಂತು ತಂದ ಯಂತ್ರ ಅದು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೇಡಿಯೊ ಪಾಠ ಶಾಲೆಗಳಲ್ಲಿ ಬಹುಕಾಲ ಬಾಳಿತು. ಅದಕ್ಕೆ ಕಾರಣ ಸರಳ. ಯಂತ್ರ ಅಗ್ಗ, ಸೆಲ್ಲಿನಲ್ಲಿ ನಡೆಯುತ್ತದೆ, ಕೆಟ್ಟರೆ ಸಂತೆಬೀದಿಯ ರೇಡಿಯೊ ರಿಪೇರಿ ಅಂಗಡಿಯವನೇ ಸರಿಮಾಡಿಕೊಡುತ್ತಾನೆ. ಕಚೇರಿಗೆ ಪತ್ರ ಬರೆದು ಉತ್ತರಕ್ಕೆ ಕಾಯಬೇಕಾಗಿರಲಿಲ್ಲ.

ಐವತ್ತು ವರ್ಷದ ಹಿಂದೆ ಇದಕ್ಕಿಂತ ಬಹು ದೊಡ್ಡ ಪ್ರಯೋಗವೊಂದು ನಡೆಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಇಸ್ರೊ ಸಂಸ್ಥೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಮುಟ್ಟಿಸಿತು. ಅದನ್ನು 'ಸೈಟ್' ಪ್ರಯೋಗ ಎಂದು ಕರೆಯುತ್ತಾರೆ. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ. ಕೋಳಿಗೂಡಿಗೆ ಹಾಕುವ ಬಲೆಯಂಥ ತಂತಿಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ ನೇರವಾಗಿ ಆಕಾಶದಿಂದ ಚಿತ್ರ ಹಿಡಿಯುತ್ತಿತ್ತು. ಟಿ.ವಿ. ಹಂಚಿ ಸುಮ್ಮನಾಗದೆ, ರಿಪೇರಿಗೆಂದೇ ಕೇಂದ್ರಗಳನ್ನೂ ತಂತ್ರಜ್ಞರನ್ನೂ ಇಟ್ಟಿದ್ದರು. ಕಂಪ್ಯೂಟರು ಕಲಿಯುವ ನಮ್ಮ ಕಾಲದವರಿಗೆ ಇದರಲ್ಲಿ ಬೆರಗು ಹುಟ್ಟಿಸುವುದು ಉಪಗ್ರಹಕ್ಕಿಂತ ಆ ರಿಪೇರಿಯ ಏರ್ಪಾಟು. ಆದರೆ ಉಪಗ್ರಹ ಎರವಲಿನದು. ಒಂದು ವರ್ಷದ ಅವಧಿ ಮುಗಿಯಿತು, ಅದನ್ನು ಅಮೆರಿಕ ವಾಪಸು ತೆಗೆದುಕೊಂಡಿತು, ಪಾಠ ನಿಂತಿತು.

ಸಾಲಗಾಮೆ ರಸ್ತೆಯ ಆಂಟೆನಾಗಳು

ಎರವಲಿನ ಉಪಗ್ರಹ ಸಾಲದೆಂದು ದೇಶ ತನ್ನದೇ ಇನ್ಸಾಟ್ ಸರಣಿಗೆ ಕೈಹಾಕಿತು. ಇಲ್ಲಿ ನಮ್ಮ ಹಾಸನ ಚಿತ್ರಕ್ಕೆ ಬರುತ್ತದೆ. ಆ ಉಪಗ್ರಹಗಳನ್ನು ನೆಲದಿಂದ ನಿಯಂತ್ರಿಸಲು ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ 1982ರಲ್ಲಿ ಹಾಸನದ ಸಾಲಗಾಮೆ ರಸ್ತೆಯಲ್ಲಿ ಆರಂಭವಾಯಿತು. ಜಿಲ್ಲೆಯ ಜನರ ಬಾಯಲ್ಲಿ ಅದು ಎಂಸಿಎಫ್. ಸಕಲೇಶಪುರದ ಕಡೆಯಿಂದಲೋ ಅರಕಲಗೂಡಿನ ಕಡೆಯಿಂದಲೋ ಶಾಲಾ ಪ್ರವಾಸದಲ್ಲಿ ಬಂದ ಮಕ್ಕಳು ಆ ದೊಡ್ಡ ಬಿಳಿ ಬಟ್ಟಲುಗಳನ್ನು ದೂರದಿಂದ ನೋಡಿ ಬಾಯಿ ತೆರೆದು ನಿಂತಿದ್ದುಂಟು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಎಜುಸ್ಯಾಟ್ ಹಾರಿತು. ಶಿಕ್ಷಣಕ್ಕೆಂದೇ ಮೀಸಲಾದ ದೇಶದ ಮೊದಲ ಉಪಗ್ರಹ ಅದು. ಅದರ ನಿಯಂತ್ರಣವೂ ಹಾಸನದಿಂದಲೇ. ನಮ್ಮ ರಾಜ್ಯದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರ ಮೂಲಕ ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠ ಬಿತ್ತರಿಸಿತು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಟಿ.ವಿ., ಆಂಟೆನಾ ಮತ್ತು ಪಾಠಗಳು ಹೋದವು. ಗುಡ್ಡಗಾಡಿನ ಸೋಲಿಗರ ಹಾಡಿಗಳ ಪಕ್ಕದ ಶಾಲೆಯ ಮಗುವಿಗೂ ಬೆಂಗಳೂರಿನ ಸ್ಟುಡಿಯೊದ ಪಾಠ ಸಿಗಲಿ ಎಂಬುದು ಉದ್ದೇಶ.

ಎಜುಸ್ಯಾಟ್ ಸೇವೆ 2010ರ ಸೆಪ್ಟೆಂಬರ್‌ನಲ್ಲಿ ಕೊನೆಗೊಂಡಿತು. ಆರು ವರ್ಷದ ಆಯಸ್ಸು. ಉಪಗ್ರಹಕ್ಕೆ ಆಯಸ್ಸು ಇರುತ್ತದೆ ಎಂಬುದು ಅದನ್ನು ಹಾರಿಸುವವರಿಗೆ ಮೊದಲೇ ಗೊತ್ತು. ಇಂಧನ ಎಷ್ಟು, ಬ್ಯಾಟರಿ ಎಷ್ಟು ದಿನ, ಬದಲಿ ಯಾವುದು, ಎಲ್ಲಕ್ಕೂ ಲೆಕ್ಕ ಇರುತ್ತದೆ. ಎಂಸಿಎಫ್‌ನಲ್ಲಿ ದಿನದ 24 ಗಂಟೆಯೂ ಪಾಳಿಯ ಮೇಲೆ ಎಂಜಿನಿಯರುಗಳು ಕೂತು ಆಕಾಶದ ಯಂತ್ರದ ನಾಡಿ ನೋಡುತ್ತಿರುತ್ತಾರೆ. ಅದೇ ಉಪಗ್ರಹದ ಇನ್ನೊಂದು ತುದಿ ಶಾಲೆಯ ಗೋಡೆಯ ಮೇಲಿನ ಟಿ.ವಿ. ಆ ತುದಿಯ ನಾಡಿ ನೋಡಲು ಯಾರಿಗೂ ಪಾಳಿ ಇರಲಿಲ್ಲ. 36 ಸಾವಿರ ಕಿಲೋಮೀಟರ್ ಎತ್ತರದ ಯಂತ್ರವನ್ನು ಕಾಪಾಡಿಕೊಂಡ ನಾಡಿಗೆ ಹಳ್ಳಿ ಶಾಲೆಯ ಸ್ವಿಚ್‌ಬೋರ್ಡ್ ಕಾಪಾಡುವುದು ಕಷ್ಟವಾಯಿತು. ಎಂಜಿನಿಯರುಗಳು ಜಾಣರಲ್ಲ ಎಂದಲ್ಲ. ಒಂದು ತುದಿಗೆ ಹೊಣೆಗಾರರಿದ್ದರು, ಇನ್ನೊಂದು ತುದಿಗೆ ಇರಲಿಲ್ಲ, ಅಷ್ಟೆ.

ಗಣಕಯಂತ್ರ ಬಂತು

ಸರ್ಕಾರಿ ಶಾಲೆಗೆ ಕಂಪ್ಯೂಟರ್ ತರುವ ಮೊದಲ ಪ್ರಯತ್ನ 1984-85ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಕ್ಲಾಸ್' ಯೋಜನೆ. ದೇಶದ ಆಯ್ದ 250 ಶಾಲೆಗಳಿಂದ ಅದು ಶುರುವಾಯಿತು. ಬಂದದ್ದು ಬಿಬಿಸಿ ಮೈಕ್ರೊ ಎಂಬ ಬ್ರಿಟನ್ನಿನ ಯಂತ್ರ. ಅದರ ಸ್ಮರಣೆ 32 ಕಿಲೋಬೈಟ್. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರೊಳಗೆ ಹಿಡಿಯದು. ನಮ್ಮಂಥ ಹಳ್ಳಿಯ ಪ್ರೌಢಶಾಲೆಗಳಲ್ಲಿ ಆಗ ದೊಡ್ಡ ಯಂತ್ರವೆಂದರೆ ಪ್ರಶ್ನೆಪತ್ರಿಕೆ ತೆಗೆಯುವ ಸೈಕ್ಲೋಸ್ಟೈಲ್.

ಹಳ್ಳಿಯ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 2001-02ರ 'ಮಾಹಿತಿ ಸಿಂಧು' ಯೋಜನೆಯಿಂದ. ರಾಜ್ಯದ ಸುಮಾರು 1000 ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೊಠಡಿಗಳಾದವು. ಬೆಂಗಳೂರು ಅಷ್ಟರಲ್ಲಿ ಐಟಿ ನಗರವೆಂದು ಹೆಸರಾಗಿತ್ತು. ಆ ಹೆಸರಿನ ಪಾಲು ಹಳ್ಳಿಗೂ ಸೇರಲಿ ಎಂಬ ಆಸೆ ಯೋಜನೆಯ ಹಿಂದಿತ್ತು. ಅದೇ ಕಾಲದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಪ್ರಾಥಮಿಕ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕಾ ಕೇಂದ್ರಗಳನ್ನು ನಡೆಸಿತು. 2004ರ ಡಿಸೆಂಬರಿನಲ್ಲಿ ಕೇಂದ್ರದ 'ಐಸಿಟಿ ಅಟ್ ಸ್ಕೂಲ್ಸ್' ಯೋಜನೆ ಬಂತು. ಅದು ಹಂತಹಂತವಾಗಿ ಇನ್ನಷ್ಟು ಪ್ರೌಢಶಾಲೆಗಳನ್ನು ಮುಟ್ಟಿತು.

ನನ್ನ ವಯಸ್ಸಿನವರು ಹೈಸ್ಕೂಲಿಗೆ ಬಂದದ್ದು ಈ ಕಾಲದಲ್ಲಿ. ನಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಆಗ ಲ್ಯಾಂಡ್‌ಲೈನ್ ಫೋನೂ ಇರಲಿಲ್ಲ. ಸರ್ಕಾರಿ ಶಾಲೆಯ ಕಂಪ್ಯೂಟರ್ ಕೊಠಡಿಯೇ ನಮಗೆ ಆ ಲೋಕದ ಬಾಗಿಲು. ಚಪ್ಪಲಿ ಹೊರಗೆ ಬಿಟ್ಟು, ಗರ್ಭಗುಡಿಗೆ ಹೋಗುವಂತೆ ಒಳಗೆ ಹೋಗಿ, ಒಂದು ಯಂತ್ರಕ್ಕೆ ಮೂರು ನಾಲ್ಕು ಜನ ಕೂತು, ಒಬ್ಬ ಮೌಸ್ ಹಿಡಿದರೆ ಉಳಿದವರು ಅವನ ಕೈ ನೋಡುತ್ತಿದ್ದೆವು. ನನ್ನ ಬದುಕಿನ ದಾರಿ ಬದಲಾದದ್ದಕ್ಕೆ ಆ ಕೊಠಡಿಗೂ ಒಂದು ಪಾಲಿದೆ. ಆದ್ದರಿಂದ ಮುಂದೆ ನಾನು ಹೇಳುವ ಕೊರತೆಗಳನ್ನು ಯೋಜನೆಗಳ ಮೇಲಿನ ಸಿಟ್ಟೆಂದು ಯಾರೂ ತಿಳಿಯಬಾರದು.

ಕನ್ನಡದ ಮಾತು ಇಲ್ಲಿ ಹೇಳಲೇಬೇಕು. ಆಗಿನ ಕಂಪ್ಯೂಟರ್ ಪಾಠ ಬಹುಪಾಲು ಇಂಗ್ಲಿಷ್ ಪದಗಳ ಬಾಯಿಪಾಠ. ಕೆ.ಪಿ. ರಾವ್ ಅವರು ಉಚ್ಚಾರಣೆಗೆ ತಕ್ಕಂತೆ ರೂಪಿಸಿದ ಕನ್ನಡ ಕೀಲಿಮಣೆ, ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದ ಮೇಲೆ ತನ್ನ ಹೆಸರನ್ನು ಕನ್ನಡದಲ್ಲಿ ಪರದೆಯ ಮೇಲೆ ನೋಡುವುದು ಹಳ್ಳಿಯ ಮಗುವಿಗೆ ಸಾಧ್ಯವಾಯಿತು. ಲೇಖಕ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಪಟ್ಟುಹಿಡಿದು ದನಿಯೆತ್ತಿದ್ದು ಈ ಹಿನ್ನೆಲೆಯಲ್ಲಿ.

ಬೀಗದ ಕೈ

ಐಸಿಟಿ ಯೋಜನೆಯ ಮುಂದಿನ ಹಂತಗಳನ್ನು ನಡೆಸಿದ ರೀತಿಗೆ 'ಬೂಟ್' ಮಾದರಿ ಎಂದು ಹೆಸರು. ಖಾಸಗಿ ಸಂಸ್ಥೆಯೊಂದು ಕೊಠಡಿ ಸಜ್ಜುಮಾಡುತ್ತದೆ, ಯಂತ್ರಗಳ ಒಡೆತನ ತಾನೇ ಇಟ್ಟುಕೊಳ್ಳುತ್ತದೆ, ಐದು ವರ್ಷ ನಡೆಸುತ್ತದೆ, ಆಮೇಲೆ ಶಾಲೆಗೆ ಬಿಟ್ಟುಕೊಡುತ್ತದೆ. ಪಾಠ ಹೇಳುವವರೂ ಸಂಸ್ಥೆಯ ಕಡೆಯ ಬೋಧಕರು. ಲೆಕ್ಕದ ದೃಷ್ಟಿಯಿಂದ ಇದು ಅನುಕೂಲ. ಸರ್ಕಾರ ಒಮ್ಮೆಗೇ ಹಣ ಹೂಡಬೇಕಾಗಿಲ್ಲ, ರಿಪೇರಿ ಸಂಸ್ಥೆಯ ತಲೆಯ ಮೇಲೆ.

ತೊಡಕು ಬಂದದ್ದು ಆರನೇ ವರ್ಷ. ಒಪ್ಪಂದ ಮುಗಿದ ದಿನ ಬೋಧಕರು ಹೊರಡುತ್ತಾರೆ. ಐದು ವರ್ಷ ಓಡಿದ ಯಂತ್ರಗಳು ಶಾಲೆಗೆ ಸೇರುತ್ತವೆ. ಯುಪಿಎಸ್‌ನ ಬ್ಯಾಟರಿ ಸಾಮಾನ್ಯವಾಗಿ ಮೂರು ವರ್ಷಕ್ಕೆ ಸಾಯುತ್ತದೆ. ಧೂಳು ಫ್ಯಾನಿನಲ್ಲಿ ಕೂತು ಪ್ರೊಸೆಸರ್ ಬಿಸಿಯಾಗುತ್ತದೆ. ಇಲಿ ತಂತಿ ಕಡಿಯುತ್ತದೆ. ಕೆಲವು ಕಡೆ ಉಳಿತಾಯಕ್ಕೆಂದು ಒಂದೇ ಪೆಟ್ಟಿಗೆಗೆ ಹಲವು ಪರದೆ ಜೋಡಿಸುವ ಪದ್ಧತಿ ಇತ್ತು. ಆ ಒಂದು ಪೆಟ್ಟಿಗೆ ಕೆಟ್ಟರೆ ಸಾಲಿನ ಪರದೆಗಳೆಲ್ಲ ಒಟ್ಟಿಗೆ ಕಪ್ಪಾಗುತ್ತವೆ. ಇವೆಲ್ಲ ದೊಡ್ಡ ರೋಗಗಳಲ್ಲ. ತಿಂಗಳಿಗೊಮ್ಮೆ ಬಲ್ಲವನೊಬ್ಬ ಬಂದು ನೋಡಿದರೆ ಸರಿಹೋಗುವಂಥವು. ಆದರೆ ಬರುವವನು ಯಾರು? ಸರ್ಕಾರಿ ಪ್ರೌಢಶಾಲೆಗೆ ಮಂಜೂರಾದ ಹುದ್ದೆಗಳಲ್ಲಿ ಭಾಷೆ, ಗಣಿತ, ವಿಜ್ಞಾನ, ದೈಹಿಕ ಶಿಕ್ಷಣ, ಗುಮಾಸ್ತರು ಎಲ್ಲ ಇದ್ದಾರೆ. ಗಣಕ ಶಿಕ್ಷಕರ ಕಾಯಂ ಹುದ್ದೆ ಇಲ್ಲ.

ಇದರ ಮೇಲೆ ಕರೆಂಟು. ಕೆಇಬಿ ಕಾಲದಿಂದ ನಮ್ಮ ಹಳ್ಳಿಗಳು ಲೋಡ್‌ಶೆಡ್ಡಿಂಗ್ ಉಂಡವು. ಪಂಪ್‌ಸೆಟ್‌ನ ಮಾರ್ಗ, ಊರಿನ ಮಾರ್ಗ ಬೇರೆ ಮಾಡುವ 'ನಿರಂತರ ಜ್ಯೋತಿ' ಬರುವ ತನಕ ಹಳ್ಳಿಶಾಲೆಯ ಕಂಪ್ಯೂಟರ್ ಪೀರಿಯಡ್ಡು ಕರೆಂಟಿನ ವೇಳಾಪಟ್ಟಿಯ ಅಧೀನ. ಮಧ್ಯಾಹ್ನದ ಹೊತ್ತು ಕರೆಂಟು ಇಲ್ಲವೆಂದರೆ ಆ ತರಗತಿಗೆ ಇಡೀ ವಾರ ಕಂಪ್ಯೂಟರ್ ಇಲ್ಲ.

ಇನ್ನು ಬೀಗದ ಕೈ. ಸರ್ಕಾರಿ ಶಾಲೆಗೆ ಬಂದ ಪ್ರತಿ ವಸ್ತುವೂ ದಾಸ್ತಾನು ವಹಿಯಲ್ಲಿ ಏರುತ್ತದೆ. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗುವಾಗ ಆ ವಹಿಯ ಪ್ರಕಾರ ಪ್ರಭಾರ ಒಪ್ಪಿಸಬೇಕು. ಒಂದು ಮೌಸ್ ಕಳೆದರೂ ಅವರೇ ಉತ್ತರ ಕೊಡಬೇಕು. ಆದರೆ ಹತ್ತು ಕಂಪ್ಯೂಟರ್ ವರ್ಷವಿಡೀ ಯಾರೂ ಮುಟ್ಟದೆ ನಿಂತಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಬಳಸಿ ಕೆಟ್ಟರೆ ತಪ್ಪಿತಸ್ಥರು, ಬೀಗ ಹಾಕಿ ಇಟ್ಟರೆ ಜವಾಬ್ದಾರಿಯುಳ್ಳವರು. ನಿಯಮ ಹೀಗಿದ್ದಾಗ ಬೀಗ ಹಾಕಿದವರನ್ನು ದೂರುವುದರಲ್ಲಿ ಅರ್ಥವಿಲ್ಲ. ನಾವು ಆ ಕುರ್ಚಿಯಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆವು. ಕೆಟ್ಟ ಯಂತ್ರವನ್ನು ವಹಿಯಿಂದ ತೆಗೆಸುವುದೂ ದೊಡ್ಡ ಕೆಲಸ. 2012ರ ಮೇ ತಿಂಗಳಲ್ಲಿ ಇ-ತ್ಯಾಜ್ಯ ನಿಯಮ ಜಾರಿಗೆ ಬಂದ ಮೇಲೆ ಗುಜರಿಗೆ ಹಾಕುವಂತೆಯೂ ಇಲ್ಲ. ಆದ್ದರಿಂದ ಎಷ್ಟೋ ಶಾಲೆಗಳಲ್ಲಿ ಒಂದು ಕೊಠಡಿ ಸತ್ತ ಯಂತ್ರಗಳ ಉಗ್ರಾಣವಾಗಿದೆ.

ಮೇಷ್ಟ್ರುಗಳ ಕೈಗೆ

ಕಥೆ ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಇದೇ ಅವಧಿಯಲ್ಲಿ ಇನ್ನೊಂದು ದಾರಿಯೂ ತೆರೆಯಿತು.

2011ರ ಸುಮಾರಿಗೆ ರಾಜ್ಯದ ಡಿಎಸ್‌ಇಆರ್‌ಟಿ, ಪ್ರೌಢಶಿಕ್ಷಣ ಅಭಿಯಾನ ಮತ್ತು ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆಯೊಂದನ್ನು ಕಟ್ಟಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಮೊದಲು ತಾವು ಕಂಪ್ಯೂಟರ್ ಕಲಿಯುವುದು, ಆಮೇಲೆ ತಮ್ಮ ಪಾಠಕ್ಕೆ ಅದನ್ನು ಹಚ್ಚುವುದು ಅದರ ಕ್ರಮ. ದುಡ್ಡು ಕೊಟ್ಟು ಪರವಾನಗಿ ಪಡೆಯಬೇಕಾಗಿಲ್ಲದ ಉಬುಂಟು, ರೇಖಾಗಣಿತಕ್ಕೆ ಜಿಯೋಜಿಬ್ರಾ. ಶಿಕ್ಷಕರೇ ಕನ್ನಡದಲ್ಲಿ ಬರೆದ ಪಾಠಸಾಮಗ್ರಿಗಳು 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ಹೆಸರಿನಲ್ಲಿ ಎಲ್ಲರಿಗೂ ಸಿಗುವಂತಾದವು. ಮುಂದೆ 2016-17ರಿಂದ ಬಂದ 'ಟಾಲ್ಪ್' ಯೋಜನೆಯಲ್ಲಿ ಜಿಲ್ಲೆಗಳ ಡಯಟ್‌ಗಳಲ್ಲಿ ಶಿಕ್ಷಕರನ್ನು ಕೂರಿಸಿ ತರಬೇತಿ ಕೊಟ್ಟರು. ತ್ರಿಕೋನದ ಒಂದು ಮೂಲೆಯನ್ನು ಎಳೆದಾಗ ಮೂರೂ ಕೋನಗಳು ಬದಲಾಗಿ ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುವುದನ್ನು ಪರದೆಯ ಮೇಲೆ ಕಂಡ ಮಗು ಆ ಪ್ರಮೇಯವನ್ನು ಮರೆಯುವುದಿಲ್ಲ. ಅದನ್ನು ತೋರಿಸುವವರು ಗಣಿತದ ಮೇಷ್ಟ್ರೇ ಆಗಿರಬೇಕು, ಹೊರಗಿನಿಂದ ಬಂದ ಕಂಪ್ಯೂಟರ್ ಬೋಧಕನಿಗೆ ಅದು ಹೊಳೆಯದು.

ಪಕ್ಕದ ಕೇರಳ ಈ ದಾರಿಯನ್ನು ಇನ್ನೂ ಮೊದಲೇ, ಇನ್ನೂ ಗಟ್ಟಿಯಾಗಿ ಹಿಡಿಯಿತು. ಅಲ್ಲಿ 2001ರಲ್ಲೇ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾಯಿತು. ಶಾಲಾ ಶಿಕ್ಷಕರಲ್ಲೇ ಆಸಕ್ತರನ್ನು ಆರಿಸಿ ತರಬೇತುದಾರರನ್ನಾಗಿ ಮಾಡಿದರು, ಮುಕ್ತ ತಂತ್ರಾಂಶಕ್ಕೆ ಹೊರಳಿದರು, ಎಸ್‌ಎಸ್‌ಎಲ್‌ಸಿಯಲ್ಲಿ ಐಟಿಯನ್ನು ಪರೀಕ್ಷೆಯ ವಿಷಯ ಮಾಡಿದರು. 2017ರಲ್ಲಿ ಯೋಜನೆಯೇ 'ಕೈಟ್' ಎಂಬ ಸರ್ಕಾರಿ ಕಂಪನಿಯಾಯಿತು. 2018ರಿಂದ 8ರಿಂದ 12ನೇ ತರಗತಿಯ 45,000 ಕೊಠಡಿಗಳನ್ನು ಸಜ್ಜುಗೊಳಿಸುವಾಗ ಐದು ವರ್ಷದ ವಾರಂಟಿ, ದೂರು ದಾಖಲಿಸುವ ವ್ಯವಸ್ಥೆ, ಪೂರೈಕೆದಾರರು ತಡಮಾಡಿದರೆ ದಂಡ, ಇವನ್ನು ಖರೀದಿಯ ಜೊತೆಯಲ್ಲೇ ಬರೆಸಿಕೊಂಡರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಆ ಐಟಿ ಪಠ್ಯವನ್ನು ಕನ್ನಡದಲ್ಲೇ ಓದುತ್ತಾರೆ. ನಮ್ಮ ನಾಡಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಹೆಚ್ಚು, ಅವರ ಶಾಲೆಗಳಲ್ಲಿ ಕಂಪ್ಯೂಟರ್ ಓಡುವುದು ಹೆಚ್ಚು. ಪರೀಕ್ಷೆಯಲ್ಲಿ ಕೇಳುತ್ತಾರೆ ಎಂಬುದೊಂದೇ ಸಾಕು, ಕೊಠಡಿಯ ಬಾಗಿಲು ತೆರೆಯಲೇಬೇಕು.

ಲೆಕ್ಕ ಇಡುವ ಯಂತ್ರ, ಕಾಯುವ ಯಂತ್ರ

ಹಾಗಾದರೆ ನಮ್ಮ ಶಾಲೆಗಳಲ್ಲಿ ಕಂಪ್ಯೂಟರ್ ಓಡುವುದೇ ಇಲ್ಲವೇ? ಓಡುತ್ತದೆ. ಕಚೇರಿ ಕೊಠಡಿಯದು ಪ್ರತಿದಿನ ಓಡುತ್ತದೆ.

2012-13ರಲ್ಲಿ ದೇಶದ ಪ್ರತಿ ಶಾಲೆಯ ಅಂಕಿಅಂಶ ಒಂದೇ ಕಡೆ ಸೇರುವ 'ಯುಡೈಸ್' ಬಂತು. ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ, ಕರ್ನಾಟಕದ್ದು 29ರಿಂದ ಶುರು. ಅದಾದ ಮೇಲೆ ರಾಜ್ಯದ 'ಸ್ಯಾಟ್ಸ್' ಬಂದು ಪ್ರತಿ ಮಗುವಿಗೂ ಒಂದು ಸಂಖ್ಯೆ ಕೊಟ್ಟಿತು. ದಾಖಲಾತಿ, ವರ್ಗಾವಣೆ ಪತ್ರ, ಅಂಕಗಳು, ಬಿಸಿಯೂಟದ ಲೆಕ್ಕ, ಎಲ್ಲವೂ ಅದರಲ್ಲಿ. ಶಾಲೆ ಬಿಟ್ಟ ಮಗು ಬೇರೆ ಊರಿನಲ್ಲಿ ಸೇರಿತೋ ಇಲ್ಲವೋ ಎಂದು ಪತ್ತೆಹಚ್ಚಲು ಇದರಿಂದ ಅನುಕೂಲವಾಗಿದೆ. ಆದರೆ ಹಗಲು ಪಾಠ ಮಾಡಿದ ಮೇಷ್ಟ್ರು ಸಂಜೆ ನೆಟ್‌ವರ್ಕ್ ಸಿಗುವ ಕಿಟಕಿಯ ಪಕ್ಕ ಕೂತು ದತ್ತಾಂಶ ತುಂಬುವುದೂ ಇದರಿಂದಲೇ ಬಂದದ್ದು. ಆ ಯಂತ್ರ ಕೆಟ್ಟರೆ ಅದೇ ದಿನ ರಿಪೇರಿಯಾಗುತ್ತದೆ, ಬೇಕಾದರೆ ಮೇಷ್ಟ್ರು ಸ್ವಂತ ಜೇಬಿನಿಂದ ಕೊಟ್ಟು ಮಾಡಿಸುತ್ತಾರೆ. ಏಕೆಂದರೆ ಬಿಇಒ ಕಚೇರಿಯಿಂದ ಸಂಜೆಯೊಳಗೆ ಫೋನು ಬರುತ್ತದೆ.

2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಜಾರಿಗೆ ಬಂತು. 2023ರಲ್ಲಿ 83.89 ಇದ್ದ ರಾಜ್ಯದ ಶೇಕಡಾ ಫಲಿತಾಂಶ ಆ ವರ್ಷ ಕೃಪಾಂಕ ಹೆಚ್ಚಿಸಿದರೂ 73.40ಕ್ಕೆ ಇಳಿಯಿತು. ನಕಲು ನಿಂತದ್ದು ಒಳ್ಳೆಯದೇ. ಆದರೆ ಒಂದು ಮಾತು ಗಮನಿಸಿ. ಶಾಲೆಗೆ ಯಂತ್ರ ಮೊದಲು ಬಂದದ್ದು ಕಲಿಸಲು, ಆಮೇಲೆ ಬಂದದ್ದು ಲೆಕ್ಕ ಇಡಲು, ಈಗ ಬಂದದ್ದು ಕಾಯಲು. ಲೆಕ್ಕದ ಯಂತ್ರವೂ ಕಾವಲಿನ ಯಂತ್ರವೂ ತಪ್ಪದೆ ಓಡುತ್ತವೆ, ಕಲಿಸುವ ಯಂತ್ರ ನಿಲ್ಲುತ್ತದೆ. ಮೂರೂ ಒಂದೇ ಬಗೆಯ ಯಂತ್ರಗಳು, ಇರುವುದು ಅದೇ ಕರೆಂಟು, ಅದೇ ಧೂಳು, ಅದೇ ಇಲಿ. ವ್ಯತ್ಯಾಸ ಒಂದೇ. ಮೊದಲೆರಡನ್ನು ಮೇಲಿನವರು ದಿನವೂ ಕೇಳುತ್ತಾರೆ, ಮೂರನೆಯದನ್ನು ಕೇಳುವವರಿಲ್ಲ. ಐವತ್ತು ವರ್ಷದ ಈ ಕಥೆಯಲ್ಲಿ ನನಗೆ ಕಂಡ ಮುಖ್ಯ ಸಂಗತಿ ಇದೇ: ಕೇಳುವವರಿದ್ದ ಯಂತ್ರ ಓಡಿತು, ಕೇಳುವವರಿಲ್ಲದ್ದು ನಿಂತಿತು.

ಕೊರೊನಾ ಕಾಲ ಇದನ್ನು ಎಲ್ಲರ ಕಣ್ಣಿಗೂ ಕಾಣಿಸಿತು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ 'ಸೇತುಬಂಧ' ಪಾಠಗಳು ಬಂದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾಗಿ ಮೇಷ್ಟ್ರುಗಳೇ ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನ ಹುಡುಕಿಕೊಂಡು ಮಕ್ಕಳ ಬಳಿ ಹೋದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಮಲೆನಾಡಿನ ಕಡೆ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಮನೆಗೆ ಒಂದೇ ಫೋನು, ಅದನ್ನು ಅಪ್ಪ ಹೊಲಕ್ಕೆ ತೆಗೆದುಕೊಂಡು ಹೋದರೆ ಮಗಳ ಪಾಠ ಸಂಜೆಗೆ. ಆ ಎರಡು ವರ್ಷ ಶಾಲೆಗಳ ಬೀಗ ಹಾಕಿದ ಕೊಠಡಿಗಳಲ್ಲಿ ಇದ್ದ ಯಂತ್ರಗಳು ಯಾವ ಮಗುವಿನ ಮನೆಗೂ ಹೋಗಲಿಲ್ಲ. ಅವು ದಾಸ್ತಾನು ವಹಿಯಲ್ಲಿದ್ದವು.

ದೀಪಕ್ಕೂ ದತ್ತಿ, ಎಣ್ಣೆಗೂ ದತ್ತಿ

ಈಗ ನಮ್ಮ ಕೈಯಲ್ಲಿ ಏನಿದೆ ಎಂದು ನೋಡೋಣ. 2018ರ 'ಸಮಗ್ರ ಶಿಕ್ಷಣ' ಯೋಜನೆಯ ಪ್ರಕಾರ ಒಂದು ಶಾಲೆಯ ಐಸಿಟಿ ಪ್ರಯೋಗಾಲಯಕ್ಕೆ ಒಮ್ಮೆ ಕೊಡುವ ಹಣ 6.40 ಲಕ್ಷ ರೂಪಾಯಿ, ವರ್ಷಕ್ಕೆ ನಡೆಸಲು ಕೊಡುವುದು 2.40 ಲಕ್ಷ. ನಡೆಸುವ ಹಣಕ್ಕೆ ಲೆಕ್ಕ ಇರುವುದು ಐದು ವರ್ಷಕ್ಕೆ. ಕೂಡಿಸಿ ನೋಡಿ: ಐದು ವರ್ಷದಲ್ಲಿ ನಡೆಸುವ ಖರ್ಚು 12 ಲಕ್ಷ, ಕೊಳ್ಳುವ ಖರ್ಚಿನ ಸುಮಾರು ಎರಡರಷ್ಟು. ಸರ್ಕಾರದ ಲೆಕ್ಕವೇ ಹೇಳುವ ಸತ್ಯ ಇದು. ನಾನು ಕೆಲಸ ಮಾಡುವ ಲೋಕದಲ್ಲೂ ಹೀಗೆಯೇ, ತಂತ್ರಾಂಶ ಕಟ್ಟುವುದಕ್ಕಿಂತ ಅದನ್ನು ವರ್ಷಗಟ್ಟಲೆ ಓಡಿಸುವುದಕ್ಕೆ ಹೆಚ್ಚು ಜನ, ಹೆಚ್ಚು ಹಣ. 2023ರಲ್ಲಿ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾದದ್ದು ಒಂದು ದೊಡ್ಡ ಹೆಜ್ಜೆ. ಕರೆಂಟ್ ಬಿಲ್ಲಿನ ಹೆದರಿಕೆಯಿಂದ ಕೊಠಡಿ ಮುಚ್ಚುವ ಕಾರಣ ಹೋಯಿತು.

ಈ ಮಾತು ನಮ್ಮ ಊರಿನವರಿಗೆ ಹೊಸದಲ್ಲ. ಶಾಂತಲೆಯ ಹೆಸರು ಹೊತ್ತ ಊರು ನಮ್ಮದು ಎಂದು ಹಿರಿಯರು ಹೇಳುತ್ತಾರೆ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೇ ಸಂಪುಟವಾಗಿ 1902ರಲ್ಲಿ ಅಚ್ಚು ಹಾಕಿಸಿದರು. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ, 'ಖಂಡಸ್ಫುಟಿತ ಜೀರ್ಣೋದ್ಧಾರ'. ಒಡೆದದ್ದು, ಬಿರುಕು ಬಿಟ್ಟದ್ದು, ಹಳೆಯದಾದದ್ದು ಸರಿಮಾಡಲು ಎಂದು ಅರ್ಥ. ಗುಡಿ ಕಟ್ಟಿಸಿದವರು ಕಟ್ಟಿಸಿದ ದಿನವೇ ಅದು ಮುಂದೆ ಬಿರುಕು ಬಿಡುತ್ತದೆ ಎಂದು ತಿಳಿದು ಅದಕ್ಕೂ ಭೂಮಿ ಬಿಟ್ಟರು. ನಂದಾದೀವಿಗೆ ಇಟ್ಟವರು ಅದರ ಎಣ್ಣೆಗೂ ದತ್ತಿ ಬಿಟ್ಟರು. ಕೆರೆ ಕಟ್ಟಿದವರಿಗೆ, ಏರಿ ಕಾಪಾಡುವವರಿಗೆ 'ಕಟ್ಟುಕೊಡಗೆ' ಎಂಬ ಭೂಮಿ ಇತ್ತು. ಯಂತ್ರ ಹೊಸದಾದರೂ ಬುದ್ಧಿ ಹಳೆಯದೇ ಸಾಕು.

ಆದ್ದರಿಂದ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ, ಎಸ್‌ಡಿಎಂಸಿಯವರಲ್ಲಿ, ಊರಿನ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಈ ಸುವರ್ಣ ವರ್ಷದಲ್ಲಿ ಹೊಸ ಯಂತ್ರ ಕೊಡುವ ಮೊದಲು ಇರುವ ಯಂತ್ರಗಳಿಗೆ ಒಂದು ಜೀರ್ಣೋದ್ಧಾರ ನಿಧಿ ಇಡೋಣ. ಬಡ್ಡಿಯಲ್ಲಿ ಬ್ಯಾಟರಿ, ಇಂಟರ್‌ನೆಟ್, ತಿಂಗಳಿಗೊಮ್ಮೆ ಹಾಸನದಿಂದ ಬಂದು ನೋಡಿಹೋಗುವ ತಂತ್ರಜ್ಞನ ಕೂಲಿ ನಡೆಯಬೇಕು. ದಾಸ್ತಾನು ವಹಿಯ ಪಕ್ಕದಲ್ಲಿ ಇನ್ನೊಂದು ವಹಿ ಇಡೋಣ. ಯಾವ ತರಗತಿ, ಯಾವ ದಿನ, ಯಾವ ಪಾಠಕ್ಕೆ ಕೊಠಡಿ ತೆರೆಯಿತು ಎಂದು ಅದರಲ್ಲಿ ಬರೆಯಲಿ. ಬಳಸುವಾಗ ಕೆಟ್ಟ ಯಂತ್ರಕ್ಕೆ ಮುಖ್ಯೋಪಾಧ್ಯಾಯರು ಉತ್ತರ ಹೇಳಬೇಕಾಗದಂತೆ, ಅದರ ವೆಚ್ಚವನ್ನು ನಿಧಿ ಹೊತ್ತುಕೊಳ್ಳುತ್ತದೆ ಎಂದು ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಬರೆಯೋಣ. ಗಣಿತ, ವಿಜ್ಞಾನದ ಮೇಷ್ಟ್ರುಗಳಿಗೆ ರಜೆಯಲ್ಲಿ ಜೊತೆಗೂಡಿ ಕಲಿಯಲು ನಮ್ಮಂಥ ನಾಲ್ಕು ಎಂಜಿನಿಯರುಗಳು ಬಂದು ಕೂರುತ್ತೇವೆ, ಕಲಿಸಲು ಅಲ್ಲ, ಅವರಿಗೆ ಬೇಕಾದದ್ದು ಏನೆಂದು ಕೇಳಲು.

ಮತ್ತು ಪ್ರತಿ ಪೋಷಕರ ಸಭೆಯಲ್ಲಿ ಊರಿನವರು ಒಂದು ಪ್ರಶ್ನೆ ಕೇಳಲಿ: ಈ ತಿಂಗಳು ಮಕ್ಕಳು ಎಷ್ಟು ಸಲ ಕಂಪ್ಯೂಟರ್ ಮುಟ್ಟಿದರು? ಬೆಂಗಳೂರಿನಿಂದ ದಿನವೂ ಬರುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಿದೆ. ಶಾಂತಿಗ್ರಾಮದಿಂದ ತಿಂಗಳಿಗೊಮ್ಮೆ ಬರುವ ಈ ಪ್ರಶ್ನೆಗೂ ಉತ್ತರ ಸಿದ್ಧವಾಗುತ್ತದೆ.